ಇನ್ನೊಬ್ಬ ಶ್ರುತಿ ಹಿಡಿದಿದ್ದ: ಏಕತಾರಿಗೆ ಪ್ರಿಆಂಪ್ ಕಟ್ಟಿದ ಕಥೆ

(ರಾಯಚೂರಿನಲ್ಲಿ ಒಂದು ಭಾನುವಾರ ಡಿಪ್ಲೊಮಾ ಮತ್ತು ಐಟಿಐ ಹುಡುಗ ಹುಡುಗಿಯರು, ಮೈಕ್ ಸೆಟ್ ಇಟ್ಟುಕೊಂಡಿರುವ ಕೆಲವರು ಸೇರಿದ್ದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟ್ ಹೋಗಿದ್ದನ್ನು ಮಾತ್ರ ಹಾಗೇ ಉಳಿಸಿದ್ದೇನೆ, ಅದರಿಂದ ಉಪಯೋಗವೇ ಆಯಿತು.)

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ಪೇಡೆ ಡಬ್ಬಿಯಲ್ಲಿ ಪೇಡೆ ಇಲ್ಲ. ಮುಂದಿನ ಸಾಲಿನವರು ಆಗಿನಿಂದ ಅದನ್ನೇ ನೋಡುತ್ತಿದ್ದೀರಿ. ಒಳಗಿರುವುದು ಪ್ರಿಆಂಪ್, ಅಂದರೆ ಸಣ್ಣ ದನಿಯನ್ನು ಆಂಪ್ಲಿಫೈಯರಿಗೆ ಕೊಡುವ ಮೊದಲು ಹದ ಮಾಡುವ ಸರ್ಕ್ಯೂಟ್. ಎಂಟು ಕಾಲಿನ ಒಂದು ಐಸಿ, ಅಂದರೆ ಚಿಪ್ಪು, ಇದೆ, ಕೈಬೆರಳಲ್ಲಿ ಎಣಿಸುವಷ್ಟು ರೆಸಿಸ್ಟರ್, ಕೆಪಾಸಿಟರ್ ಇವೆ, ಎರಡು 9 ವೋಲ್ಟಿನ ಬ್ಯಾಟರಿ ಇವೆ. ಇಷ್ಟನ್ನು ಸರಿಯಾಗಿ ಕೂರಿಸಲು ನನಗೆ ಹತ್ತಿರ ಹತ್ತಿರ ಆರು ತಿಂಗಳು ಹಿಡಿಯಿತು. ಸರ್ಕ್ಯೂಟ್ ಬರೆಯಲು ಹಿಡಿದದ್ದು ಒಂದು ಸಂಜೆ. ಉಳಿದ ಅಷ್ಟೂ ದಿನ ಎಲ್ಲಿ ಹೋದವು ಅನ್ನುವುದೇ ಇವತ್ತಿನ ಮಾತು.

ನಮ್ಮಪ್ಪ ಮೈಕ್ ಸೆಟ್ ಇಟ್ಟಿದ್ದರು. ಮದುವೆ, ಜಾತ್ರೆ, ಅಮಾವಾಸ್ಯೆ ಭಜನೆ, ಚುನಾವಣೆ ಬಂದರೆ ಜೀಪಿನ ಮೇಲೆ ಎರಡು ಹಾರ್ನ್. ನಾನು ಓದಿ ಪಾಠ ಹೇಳುವ ಕೆಲಸಕ್ಕೆ ಸೇರಿದೆನಾದರೂ ಸೋಲ್ಡರ್ ಹಿಡಿಯಲು ಕಲಿತದ್ದು ಅಪ್ಪನ ಅಂಗಡಿಯಲ್ಲೇ. ಅಪ್ಪನ ಕಾಲದಿಂದ ಪರಿಚಯದ ಒಬ್ಬ ತಾತ ಇದ್ದಾರೆ, ಮಾನ್ವಿ ಕಡೆಯ ಹಳ್ಳಿಯವರು. ದಾಸರ ಪದ, ತತ್ವಪದ ಎರಡನ್ನೂ ಹಾಡುತ್ತಾರೆ, ಕೈಯಲ್ಲಿ ಸೋರೆ ಬುರುಡೆಯ ಏಕತಾರಿ. ಭಜನೆ ಮೇಳದಲ್ಲಿ ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ ಎಲ್ಲ ಏರಿದ ಮೇಲೆ ಏಕತಾರಿ ಯಾರ ಕಿವಿಗೆ ಬೀಳಬೇಕು? ಮೈಕನ್ನು ಬುರುಡೆಯ ಹತ್ತಿರ ಇಟ್ಟರೆ ತಬಲಾ ಅದರೊಳಗೆ ನುಗ್ಗುತ್ತದೆ. ಸ್ವಲ್ಪ ಏರಿಸಿದರೆ ಮೈಕ್ ಕೂಗಿಕೊಳ್ಳುತ್ತದೆ. ತಾತ ಒಂದು ದಿನ ಅಂಗಡಿಗೆ ಬಂದು, "ಯವ್ವಾ, ನೀ ಓದಿದಾಕಿ. ಇದರ ದನಿ ಮಂದಿಗೆ ಕೇಳೋ ಹಂಗ ಏನರ ಮಾಡು" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಗಾಳಿಯ ಸದ್ದು ಬೇಡ, ಬುರುಡೆಯ ನಡುಕವಷ್ಟೇ ಬೇಕು ಅಂದರೆ ಪಿಯೆಜೊ ಬಿಲ್ಲೆ. ಅಲಾರಂ ಗಡಿಯಾರದಲ್ಲಿ, ಆಟಿಗೆಯಲ್ಲಿ ಕೀಂ ಅನ್ನುವ ಹಿತ್ತಾಳೆ ಬಿಲ್ಲೆ ನೋಡಿದ್ದೀರಲ್ಲ, ಅದೇ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು, ಪಿಯರ್ ಮತ್ತು ಝಾಕ್, 1880ರಲ್ಲಿ ತೋರಿಸಿಕೊಟ್ಟರು. ಬಿಲ್ಲೆಯನ್ನು ಬುರುಡೆಗೆ ಅಂಟಿಸಿದರೆ ಅದು ಗಾಳಿಗೆ ಕಿವುಡು, ಬುರುಡೆಗೆ ಮಾತ್ರ ಕಿವಿ.

ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ. ಬಿಲ್ಲೆಗೆ ಎರಡು ವೈರ್ ಹಚ್ಚಿ ನೇರ ಅಪ್ಪನ ಆಂಪ್ಲಿಫೈಯರಿನ ಮೈಕ್ ತೂತಿಗೆ ಚುಚ್ಚಿದೆ. ದನಿ ಬಂತು. ಆದರೆ ಏಕತಾರಿಯದಲ್ಲ, ಖಾಲಿ ಎಣ್ಣೆ ಡಬ್ಬಿಗೆ ತಂತಿ ಕಟ್ಟಿ ಮೀಟಿದ ಹಾಗೆ. ಬುರುಡೆಯ ದಪ್ಪ ನಾದ ಪೂರ್ತಿ ಮಾಯ.

ಯಾಕೆ? ಕಡಿಮೆ ಒಸರಿನ ಬಾವಿಗೆ ದೊಡ್ಡ ಮೋಟರ್ ಇಳಿಸಿದರೆ ಏನಾಗುತ್ತದೆ? ಎರಡು ನಿಮಿಷಕ್ಕೆ ಬಾವಿ ಬತ್ತಿ ಮೋಟರ್ ಬರೀ ಗಾಳಿ ಎಳೆಯುತ್ತದೆ. ಬಿಲ್ಲೆಯೂ ಹಾಗೇ. ಅದು ವೋಲ್ಟೇಜ್ ಕೊಡಬಲ್ಲದು, ಕರೆಂಟ್ ಕೊಡಲಾರದು. ವಿದ್ಯುತ್ತಿನ ಲೆಕ್ಕದಲ್ಲಿ ಅದೊಂದು ಸಣ್ಣ ಕೆಪಾಸಿಟರ್. 27 ಮಿಲಿಮೀಟರಿನ ಬಿಲ್ಲೆ ಸುಮಾರು 20 ನ್ಯಾನೊಫ್ಯಾರಡ್. ಮೈಕ್ ತೂತಿನ ರೆಸಿಸ್ಟನ್ಸ್ 10 ಕಿಲೊ ಓಮ್ ಅಂದುಕೊಳ್ಳಿ. ಒಂದನ್ನು 2 ಪೈ ಆರ್ ಸಿ ಇಂದ ಭಾಗಿಸಿ (ಆರ್ ಅಂದರೆ ಆ ರೆಸಿಸ್ಟನ್ಸ್, ಸಿ ಅಂದರೆ ಬಿಲ್ಲೆಯ ಕೆಪಾಸಿಟನ್ಸ್), 796 ಹರ್ಟ್ಸ್ ಬರುತ್ತದೆ. ಅದಕ್ಕಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ತಾತನ ಶ್ರುತಿ ಬಿಳಿ ಒಂದು, ಮಂದ್ರದ್ದು, ಅಂದರೆ ಸುಮಾರು 131 ಹರ್ಟ್ಸ್. ಅದರಲ್ಲಿ ಆರನೇ ಒಂದು ಪಾಲಷ್ಟೇ ದಾಟಿ ಬರುತ್ತದೆ. ಅದೇ ಬಿಲ್ಲೆಯ ಮುಂದೆ 1 ಮೆಗಾ ಓಮ್ ಇಟ್ಟರೆ ಗಡಿ 8 ಹರ್ಟ್ಸಿಗೆ ಇಳಿಯುತ್ತದೆ. ಇಡೀ ಬುರುಡೆ ಒಳಗೆ ಬರುತ್ತದೆ. ಹಾಗಾಗಿ ಇಲ್ಲಿ ಪ್ರಿಆಂಪಿನ ಮೊದಲ ಕೆಲಸ ದೊಡ್ಡದು ಮಾಡುವುದಲ್ಲ. ಎಳೆಯದೆ ಕೇಳಿಸಿಕೊಳ್ಳುವುದು.

ಯಾವ ಐಸಿ ಅಂತ ಕೇಳುತ್ತೀರಿ, ನನಗೆ ಗೊತ್ತು. ಎನ್‌ಇ5532 ಒಳ್ಳೆಯ ಚಿಪ್ಪು. ಆಡಿಯೊ ಮಾಡುವವರ ಬಾಯಲ್ಲಿ ಅದರದ್ದೇ ಜಪ. ಅದರ ಸುಂಯ್ ಸದ್ದು ತೀರ ಕಡಿಮೆ, ಅಂಥ ಸದ್ದನ್ನು ಅಳೆಯುವ ಲೆಕ್ಕದಲ್ಲಿ ರೂಟ್ ಹರ್ಟ್ಸಿಗೆ 5 ನ್ಯಾನೊವೋಲ್ಟ್. ಇನ್ನೊಂದು ಐಸಿ, ಟಿಎಲ್072ರದ್ದು 18. ಅಂಕಿ ನೋಡಿದರೆ ಮೊದಲನೆಯದೇ ಗೆಲ್ಲಬೇಕು. ನಾನೂ ಮೊದಲು ಅದನ್ನೇ ಹಾಕಿದ್ದೆ. ಆದರೆ 5532ರ ಒಳಬಾಗಿಲಲ್ಲಿರುವುದು ಸಾಮಾನ್ಯ ಟ್ರಾನ್ಸಿಸ್ಟರ್. ಅದು ತನ್ನ ಪಾಡಿಗೆ ಸುಮಾರು 200 ನ್ಯಾನೊ ಆಂಪಿಯರ್ ಕುಡಿಯುತ್ತದೆ. ನಮ್ಮ 1 ಮೆಗಾ ಓಮ್ ಮೂಲಕ ಆ ಕರೆಂಟ್ ಹರಿದರೆ 0.2 ವೋಲ್ಟ್ ಡಿಸಿ ಅಲ್ಲೇ ಕೂತುಬಿಡುತ್ತದೆ. ನಡುವೆ ಅದನ್ನು ತಡೆಯುವ ಕೆಪಾಸಿಟರ್ ಇಲ್ಲದಿದ್ದರೆ ಮುಂದೆ ವಾಲ್ಯೂಮ್ ತಿರುಗಿಸಿದಾಗ ಕರಕರ. ಟಿಎಲ್072ರ ಬಾಗಿಲಲ್ಲಿರುವುದು ಫೆಟ್ ಅನ್ನುವ ಬೇರೆ ಜಾತಿಯ ಟ್ರಾನ್ಸಿಸ್ಟರ್, ಅದು ಕುಡಿಯುವುದು ಪಿಕೊ ಆಂಪಿಯರುಗಳ ಲೆಕ್ಕದಲ್ಲಿ. ಹಾಡುವವರ ಡೈನಮಿಕ್ ಮೈಕಿಗೆ 5532, ಪಿಯೆಜೊ ಬಿಲ್ಲೆಗೆ 072. ಜೋಳದ ಹಿಟ್ಟಿನಲ್ಲಿ ಚಪಾತಿ ಲಟ್ಟಿಸಲು ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ.

ನಾವು ಸಾಮಾನು ತರುವುದು ಹೈದರಾಬಾದಿನ ಕೋಠಿಯಿಂದ ಇಲ್ಲ ಬೆಂಗಳೂರಿನ ಎಸ್‌ಪಿ ರೋಡಿನಿಂದ. ಎಲ್ಲಿಂದ ತಂದರೂ ನಕಲಿ ಐಸಿ ಬರುವುದುಂಟು, ಒಳಗೆ ಅಗ್ಗದ ಚಿಪ್ಪು, ಮೇಲೆ 072 ಅಂತ ಮುದ್ರೆ. ಹಿಡಿಯುವುದು ಸುಲಭ. ಒಳಗೆ ಬರುವ ಪ್ಲಸ್ ಕಾಲಿನಿಂದ ಗ್ರೌಂಡಿಗೆ 1 ಮೆಗಾ ಓಮ್ ಕೊಡಿ, ಹೊರಗಿನ ಕಾಲನ್ನು ಮೈನಸ್ ಕಾಲಿಗೆ ನೇರ ಜೋಡಿಸಿ, ಔಟ್‌ಪುಟ್ಟಿನ ಡಿಸಿ ಅಳೆಯಿರಿ. ನಿಜವಾದ 072 ಆದರೆ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. ಹಲವು ಹತ್ತು ಮಿಲಿವೋಲ್ಟ್ ಬಂದರೆ ಒಳಗೆ ಬೇರೆ ಯಾರೋ ಕೂತಿದ್ದಾರೆ.

ಇನ್ನು ಸರ್ಕ್ಯೂಟ್, ಬೋರ್ಡಿನ ಮೇಲೆ ಬರೆಯುತ್ತೇನೆ. ಬಿಲ್ಲೆಯಿಂದ ಗ್ರೌಂಡಿಗೆ 1 ಮೆಗಾ ಓಮ್. ಅಲ್ಲಿಂದ 1 ಕಿಲೊ ಓಮ್ ಮೂಲಕ ಐಸಿಯ ಪ್ಲಸ್ ಕಾಲಿಗೆ. ಆ ಕಾಲಿನಿಂದ ಎರಡೂ ಸಪ್ಲೈಗೆ ಒಂದೊಂದು 1ಎನ್4148 ಡಯೋಡ್ ಉಲ್ಟಾ ಹಾಕಿ. ಬುರುಡೆ ಕೈಜಾರಿ ನೆಲಕ್ಕೆ ಬಡಿದರೆ ಬಿಲ್ಲೆ ಒಂದೇ ಏಟಿಗೆ ಹತ್ತಾರು ವೋಲ್ಟ್ ಕಾರುತ್ತದೆ, ಡಯೋಡ್ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಔಟ್‌ಪುಟ್ಟಿನಿಂದ ಮೈನಸ್ ಕಾಲಿಗೆ 10 ಕಿಲೊ ಓಮ್. ಮೈನಸ್ ಕಾಲಿನಿಂದ 1 ಕಿಲೊ ಓಮ್, ಅದರ ಕೆಳಗೆ 47 ಮೈಕ್ರೊಫ್ಯಾರಡ್, ಆಮೇಲೆ ಗ್ರೌಂಡ್. ಹಿಗ್ಗುವಿಕೆ ಒಂದಕ್ಕೆ ಹತ್ತು ಕೂಡಿಸಿ ಹನ್ನೊಂದು ಪಟ್ಟು.

ಬಂದ ದನಿಯಲ್ಲಿ ಸ್ವಲ್ಪವನ್ನು ಹಿಂದಕ್ಕೆ ಕೊಟ್ಟು ತಪ್ಪನ್ನು ತಿದ್ದುವ ಈ ಉಪಾಯ ಹೊಳೆದದ್ದು ಹೆರಾಲ್ಡ್ ಬ್ಲ್ಯಾಕ್ ಅನ್ನುವ ಎಂಜಿನಿಯರಿಗೆ, 1927ರ ಆಗಸ್ಟ್ 2ರಂದು. ಕೆಲಸಕ್ಕೆ ಹೋಗುತ್ತ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೂತಿದ್ದರಂತೆ, ಕೈಯಲ್ಲಿದ್ದ ಪತ್ರಿಕೆಯ ಹಾಳೆಯ ಮೇಲೇ ಗೀಚಿಕೊಂಡರಂತೆ. ಐಸಿಯೊಳಗಿನ ಹಿಗ್ಗುವಿಕೆ ಲಕ್ಷವಿರಲಿ, ಬಿಸಿಲಿಗೆ ಏರಲಿ ಇಳಿಯಲಿ, ಹೊರಗೆ ಬರುವುದನ್ನು ತೀರ್ಮಾನಿಸುವುದು ಈ ಎರಡು ರೆಸಿಸ್ಟರ್. ನಮ್ಮ ಊರಿನ ಮೇ ತಿಂಗಳಲ್ಲಿ ಇದು ಸಣ್ಣ ಮಾತಲ್ಲ.

ಒಂದು 072ರೊಳಗೆ ಎರಡು ಆಂಪ್ಲಿಫೈಯರ್ ಇರುತ್ತವೆ. ಮೊದಲ ಅರ್ಧದ ಔಟ್‌ಪುಟ್ಟಿನಿಂದ 0.22 ಮೈಕ್ರೊಫ್ಯಾರಡ್, ಅದರಿಂದ 10 ಕಿಲೊ ಓಮಿನ ಲಾಗ್ ಪಾಟ್, ಅಂದರೆ ವಾಲ್ಯೂಮ್ ತಿರುಗಿಸುವ ಗುಂಡಿ. ಈ 0.22 ಕಣ್ಣುಮುಚ್ಚಿ ಹಾಕಿದ್ದಲ್ಲ. ಅದು ಡಿಸಿಯನ್ನು ತಡೆಯುತ್ತದೆ, 10 ಕಿಲೊ ಓಮ್ ಜೊತೆ ಸೇರಿ 72 ಹರ್ಟ್ಸಿಗೆ ಬೇಲಿಯನ್ನೂ ಹಾಕುತ್ತದೆ. ಕೈ ಬುರುಡೆಗೆ ತಾಗಿದ ದಡದಡ, ವೇದಿಕೆಯ ಮೇಲೆ ಕಾಲು ಕುಣಿಸುವ ಸದ್ದು, ಎಲ್ಲ ಅದರ ಕೆಳಗೆ ಉಳಿಯುತ್ತವೆ. ಒಂದು ಬಿಡಿಭಾಗಕ್ಕೆ ಎರಡು ಕೆಲಸ ಹಚ್ಚಿದಾಗ ಸಿಗುವ ಖುಷಿಯೇ ಬೇರೆ. ಪಾಟಿನ ನಡುಗಾಲಿನಿಂದ ಐಸಿಯ ಇನ್ನರ್ಧಕ್ಕೆ, ಅದು ಬರೀ ಬಫರ್, ಹಿಗ್ಗಿಸದೆ ಹಾಗೇ ದಾಟಿಸುವಂಥದ್ದು. ಅಲ್ಲಿಂದ 10 ಮೈಕ್ರೊಫ್ಯಾರಡ್ ಮತ್ತು 100 ಓಮ್ ದಾಟಿ ಉದ್ದನೆಯ ಕೇಬಲಿಗೆ. ಆ 100 ಓಮ್ ಬಿಟ್ಟರೆ ಕೇಬಲಿನ ಕೆಪಾಸಿಟನ್ಸ್ ನೋಡಿ ಐಸಿ ತಲೆ ತಿರುಗಿ ಆಸಿಲೇಟ್ ಆಗಬಹುದು, ಅಂದರೆ ತನ್ನಷ್ಟಕ್ಕೇ ಕಂಪಿಸತೊಡಗಬಹುದು. ಐಸಿಯ ಎರಡೂ ಸಪ್ಲೈ ಕಾಲುಗಳಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡಿನ ಸೆರಾಮಿಕ್ ಕೆಪಾಸಿಟರ್, ಕಾಲಿಗೆ ಅಂಟಿಕೊಂಡೇ ಇರಬೇಕು.

(ಇಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತವು. ಯಾರೋ ಕಿಟಕಿ ತೆಗೆದರು.)

ಒಳ್ಳೆಯದೇ ಆಯಿತು, ಯಾರೂ ಏಳಬೇಡಿ. ಈ ಸಣ್ಣ ಸ್ಪೀಕರ್ ಬ್ಯಾಟರಿಯದು, ಡಬ್ಬಿಯೂ ಬ್ಯಾಟರಿಯದು. ಫ್ಯಾನ್ ಸದ್ದಿನಲ್ಲಿ ಕೇಳಿಸದಿದ್ದದ್ದು ಈಗ ಕೇಳಿಸುತ್ತದೆ. ವಾಲ್ಯೂಮ್ ಪೂರ್ತಿ ತಿರುಗಿಸುತ್ತೇನೆ. ಸುಂಯ್... ಕೇಳಿತಾ? ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ. ಲೆಕ್ಕ ಹೀಗೆ: 18 ನ್ಯಾನೊವೋಲ್ಟನ್ನು ಕಿವಿಗೆ ಕೇಳುವ 20 ಸಾವಿರ ಹರ್ಟ್ಸಿನ ವರ್ಗಮೂಲದಿಂದ, ಅಂದರೆ 141ರಿಂದ ಗುಣಿಸಿದರೆ ಸುಮಾರು 2.5 ಮೈಕ್ರೊವೋಲ್ಟ್. ಹನ್ನೊಂದು ಪಟ್ಟು ಮಾಡಿದರೆ 28. ಮನೆಬಳಕೆಯ ಸಾಮಾನುಗಳ ಲೈನ್ ಮಟ್ಟ, ಅಂದರೆ ಒಂದರಿಂದ ಇನ್ನೊಂದಕ್ಕೆ ದನಿ ಕೊಡುವ ವೋಲ್ಟೇಜ್, 0.316 ವೋಲ್ಟ್. ಸುಂಯ್ ಸದ್ದು ಅದಕ್ಕಿಂತ ಹತ್ತು ಸಾವಿರಕ್ಕೂ ಹೆಚ್ಚು ಪಟ್ಟು ಕೆಳಗಿದೆ.

ಬಿಸಿಲಿಗೆ ಇದು ಏರುವುದಿಲ್ಲವೇ ಅಂತ ಹಿಂದಿನ ಸಲ ಒಬ್ಬ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ರೆಸಿಸ್ಟರಿನ ಉಷ್ಣದ ಸದ್ದು ಕೆಲ್ವಿನ್ ಲೆಕ್ಕದ ತಾಪದ ವರ್ಗಮೂಲದಂತೆ ಏರುತ್ತದೆ. 25 ಡಿಗ್ರಿಯಿಂದ 45ಕ್ಕೆ ಹೋದರೆ 298 ಕೆಲ್ವಿನ್ 318 ಆಯಿತು, ಸದ್ದು ಏರಿದ್ದು ಶೇಕಡಾ 3. ಯಾವ ಕಿವಿಗೂ ತಿಳಿಯದು. ನಮ್ಮ ಬಿಸಿಲು ಸುಡುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು. ಪ್ರತಿ 10 ಡಿಗ್ರಿಗೆ ಅವುಗಳ ಆಯುಷ್ಯ ಅರ್ಧ ಆಗುತ್ತದೆ ಅನ್ನುವುದು ರೂಢಿಯ ಲೆಕ್ಕ. ತಗಡಿನ ಶೆಡ್ಡಿನಲ್ಲಿ ಮೈಕ್ ಸೆಟ್ ಇಡುವವರು 85 ಡಿಗ್ರಿ ಎಂದು ಬರೆದದ್ದನ್ನು ಬಿಟ್ಟು 105ರದ್ದನ್ನೇ ತನ್ನಿ.

ಈಗ ಆರು ತಿಂಗಳ ಲೆಕ್ಕ ಕೊಡುತ್ತೇನೆ.

ಮೊದಲು ಕಟ್ಟಿದ್ದು ಬ್ಯಾಟರಿಯದಲ್ಲ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡಲು ನಾಲ್ಕು 1ಎನ್4007 ಡಯೋಡಿನ ಬ್ರಿಡ್ಜ್, 1000 ಮೈಕ್ರೊಫ್ಯಾರಡ್, 12 ವೋಲ್ಟಿಗೆ ಹಿಡಿದಿಡುವ 7812 ರೆಗ್ಯುಲೇಟರ್. ಒಂದೇ ಸಪ್ಲೈ ಇದ್ದುದರಿಂದ ಎರಡು 100 ಕಿಲೊ ಓಮ್ ಹಾಕಿ ನಡುವೆ 6 ವೋಲ್ಟ್ ತೆಗೆದು, ಅದಕ್ಕೇ ಬಿಲ್ಲೆಯ 1 ಮೆಗಾ ಓಮನ್ನು ಕಟ್ಟಿದ್ದೆ. ಆ ನಡುಬಿಂದುವಿಗೆ ಒಂದು ಕೆಪಾಸಿಟರ್ ಹಾಕಬೇಕು ಅಂತ ನಾನೇ ತರಗತಿಯಲ್ಲಿ ಹೇಳುತ್ತೇನೆ. ಅವತ್ತು ಕೈಗೆ ಸಿಗಲಿಲ್ಲ, ಹಾಕಲಿಲ್ಲ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಸ್ಮಶಾನ ಮೌನ. ಖುಷಿಯಿಂದ ಹಳ್ಳಿಗೆ ಒಯ್ದೆ.

ಏಕಾದಶಿ ಭಜನೆ, ಗುಡಿಯ ಕಟ್ಟೆ. ಹಾರ್ನ್ ತೆಗೆದು ದೊಡ್ಡ ಬಾಕ್ಸ್ ಸ್ಪೀಕರ್ ತರಿಸಿದ್ದರು. ಮೊದಲ ಎರಡು ಪದ ಚೆನ್ನಾಗಿ ಆದವು. ಮೂರನೇ ಪದದ ಹೊತ್ತಿಗೆ ಒಳಗೆಲ್ಲೋ ಗುಂಯ್ ಅನ್ನುವ ಸದ್ದು ಎದ್ದಿತು, ನಿಲ್ಲಲೇ ಇಲ್ಲ. ಮಂದಿ ಯಾರೂ ಗಮನಿಸಲಿಲ್ಲ. ತಾತ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಯವ್ವಾ, ನನ್ನ ಸುರುತಿ ಜೋಡಿ ಇನ್ನೊಬ್ಬ ಸುರುತಿ ಹಿಡದಾನಲ್ಲ, ಅವ ಯಾರು? ಪಂಚಮಕ್ಕ ಬಂದಂಗ ಬರ್ತಾನ, ಕೂಡಂಗಿಲ್ಲ."

ನಾನು ಮನೆಗೆ ಬಂದು ಲೆಕ್ಕ ಹಾಕಿದೆ, ಮೈ ಜುಂ ಅಂದಿತು. ನಮ್ಮ ಕರೆಂಟ್ 50 ಹರ್ಟ್ಸ್. ಬ್ರಿಡ್ಜ್ ದಾಟಿದ ಮೇಲೆ ಅದರ ಏರಿಳಿತ 100 ಹರ್ಟ್ಸ್. ತಾತನ ಷಡ್ಜ 131 ಹರ್ಟ್ಸ್, ಅದರ ಕೆಳಗಿನ ಪಂಚಮ 98. ಅಂದರೆ 100 ಹರ್ಟ್ಸಿನ ಗುಂಯ್ ಪಂಚಮಕ್ಕೆ ಎರಡೇ ಹರ್ಟ್ಸ್ ಆಚೆ ನಿಂತಿದೆ. ಆ ಗುಂಯ್‌ನ ನಾಲ್ಕು ಪಟ್ಟಿನ ಹಾರ್ಮೋನಿಕ್ 400, ತಾತನ ತಂತಿಯ ಮೂರು ಪಟ್ಟಿನ ಹಾರ್ಮೋನಿಕ್ ಸುಮಾರು 392. ಎರಡೂ ತಾಗಿ ಸೆಕೆಂಡಿಗೆ ಎಂಟು ಸಲ ನಡುಕ. ಮಲ್ಟಿಮೀಟರ್ ಹಿಡಿದ ನನಗೆ ಕಾಣದ್ದು ತಾತನ ಕಿವಿಗೆ ಸಿಕ್ಕಿತ್ತು. ನಿಂತ ಜಾಗದಲ್ಲೇ ರೋಗದ ಹೆಸರು ಹೇಳಿಬಿಟ್ಟಿದ್ದರು: 50 ಅಲ್ಲ, 100. ವೈರ್ ಹೀರಿಕೊಂಡ ಗುಂಯ್ ಮುಖ್ಯವಾಗಿ 50 ಇರುತ್ತದೆ. 100 ಅಂದರೆ ಸಪ್ಲೈಯೊಳಗಿಂದಲೇ ಬಂದದ್ದು.

ಆದರೆ ಮನೆಯಲ್ಲಿ ಯಾಕಿರಲಿಲ್ಲ? ಮುಂದಿನ ಭಜನೆಗೆ ಮೀಟರ್ ಒಯ್ದೆ. ಸಂಜೆ 225 ವೋಲ್ಟ್ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ಅದು, ಭತ್ತದ ಗದ್ದೆಗಳಿಗೆ ನೀರೆತ್ತುವ ಪಂಪ್‌ಸೆಟ್‌ಗಳು ಒಂದೊಂದಾಗಿ ಎದ್ದವು, ಉದ್ದನೆಯ ತಂತಿಯ ತುದಿಯಲ್ಲಿದ್ದ ಗುಡಿಗೆ ಬಂದದ್ದು 180. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ತಂತಿಯ ರೆಸಿಸ್ಟನ್ಸ್ ಯಾರ ನೆಂಟನೂ ಅಲ್ಲ. ಈಗ ಲೆಕ್ಕ: 230 ಇದ್ದಾಗ 12 ವೋಲ್ಟಿನ ಶಿಖರ 17, ಬ್ರಿಡ್ಜಿನ ಎರಡು ಡಯೋಡಿಗೆ 1.4 ಹೋದರೆ 15.6. ಆದರೆ 7812ಗೆ ಹೊರಗೆ 12 ಕೊಡಲು ಒಳಗೆ ಸುಮಾರು 14 ಬೇಕು. ಸರಿಯಾಯಿತು. 180 ಆದಾಗ ಶಿಖರ 13.3, ಡಯೋಡ್ ಕಳೆದರೆ 11.9. ರೆಗ್ಯುಲೇಟರ್ ಅಲ್ಲಿದೆ, ಆದರೆ ಬರೀ ತಂತಿಯ ತುಂಡಿನಂತೆ. ಏರಿಳಿತವನ್ನೆಲ್ಲ ಮುಂದೆ ಕಳಿಸಿತು, ನಾನು ಕೆಪಾಸಿಟರ್ ಹಾಕದ ಆ ನಡುಬಿಂದು ಅದನ್ನು ನೇರ ಐಸಿಯ ಬಾಯಿಗೆ ಸುರಿಯಿತು, ಐಸಿ ಹನ್ನೊಂದು ಪಟ್ಟು ಮಾಡಿ ಊರಿಗೆ ಕೇಳಿಸಿತು. ಎರಡರಲ್ಲಿ ಒಂದೇ ತಪ್ಪಿದ್ದರೆ ಬಹುಶಃ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾರ್ನ್ ಇದ್ದಿದ್ದರೂ ಗೊತ್ತಾಗುತ್ತಿರಲಿಲ್ಲ. ಹಾರ್ನಿನ ಬಾಯಿಂದ 100 ಹರ್ಟ್ಸ್ ಹೆಚ್ಚುಕಡಿಮೆ ಹೊರಗೇ ಬರುವುದಿಲ್ಲ. ಅಪ್ಪನ ಕಾಲದ ಎಷ್ಟು ಗುಂಯ್‌ಗಳನ್ನು ಆ ಹಾರ್ನುಗಳು ನುಂಗಿಕೊಂಡಿದ್ದವೋ!

ಎರಡನೆಯ ಸಲ 15-0-15 ಟ್ರಾನ್ಸ್‌ಫಾರ್ಮರ್ ತಂದೆ. 180 ವೋಲ್ಟಿನಲ್ಲೂ ಕೈಗೆ 15.9 ಸಿಗುತ್ತದೆ, 250ಕ್ಕೆ ಏರಿದರೂ 22 ದಾಟುವಷ್ಟೇ. ಪ್ಲಸ್‌ಗೆ 7812, ಮೈನಸ್‌ಗೆ 7912. ನಡುಬಿಂದುವಿನ ಗೋಜೇ ಇಲ್ಲ. ಇಲ್ಲಿ ಒಂದು ಮರ್ಯಾದೆ ಕಳೆದುಕೊಂಡ ಕಥೆ ಇದೆ. ಮುಂದಿನಿಂದ ನೋಡಿದರೆ 7812ರ ಕಾಲು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರದ್ದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅಣ್ಣ ತಮ್ಮ ಅಂದುಕೊಂಡು ಎರಡಕ್ಕೂ ಒಂದೇ ಥರ ಹಾಕಿದೆ. ವಾಸನೆ ಬಂದ ಮೇಲೆ ತಿಳಿಯಿತು. ಬೆನ್ನಿನ ತಗಡೂ ಬೇರೆ: 7812ರದ್ದು ಗ್ರೌಂಡಿಗೆ, 7912ರದ್ದು ಇನ್‌ಪುಟ್ಟಿಗೆ ಸೇರಿರುತ್ತದೆ. ಎರಡನ್ನೂ ಒಂದೇ ಹೀಟ್‌ಸಿಂಕಿಗೆ, ವಿದ್ಯುತ್ ತಡೆಯುವ ಅಭ್ರಕದ ಹಾಳೆ ನಡುವೆ ಇಡದೆ ಬಿಗಿದರೆ ಮತ್ತೆ ಅದೇ ವಾಸನೆ. ಎಷ್ಟು ವರ್ಷ ಪಾಠ ಹೇಳಿದರೂ ಡೇಟಾಶೀಟ್ ತೆರೆಯದಿದ್ದರೆ ಇಷ್ಟೇ.

ಸುಟ್ಟದ್ದನ್ನು ಬದಲಿಸಿ ಮತ್ತೆ ಒಯ್ದೆ. 100 ಹೋಗಿತ್ತು. ತಾತ, "ಅವ ಹೋದ. ಅವರಣ್ಣ ಬಂದಾನ, ದಪ್ಪ ದನಿಯವ" ಅಂದರು. ಹೌದು, ಈಗ 50. ಡಬ್ಬಿಯ ಅರ್ಥ್ ಒಂದು ಪ್ಲಗ್ಗಿನಿಂದ, ಆಂಪ್ಲಿಫೈಯರಿನ ಅರ್ಥ್ ಇನ್ನೊಂದರಿಂದ, ನಡುವೆ ಕೇಬಲಿನ ಶೀಲ್ಡ್. ಮೂರೂ ಸೇರಿ ಒಂದು ದೊಡ್ಡ ಉಂಗುರ. ಅದರಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತುತ್ತಿತ್ತು. ಶೀಲ್ಡನ್ನು ಒಂದು ಕಡೆ ಕತ್ತರಿಸುವುದು, ಗ್ರೌಂಡನ್ನೆಲ್ಲ ಒಂದೇ ಬಿಂದುವಿಗೆ ತರುವುದು, ಎಲ್ಲ ಮಾಡಿದೆ. ಕಡಿಮೆಯಾಯಿತು, ಹೋಗಲಿಲ್ಲ. ಸುರಕ್ಷತೆಯ ಅರ್ಥ್ ಪಿನ್ನನ್ನೇ ಮುರಿಯುವವರಿದ್ದಾರೆ. ಒಬ್ಬ ಮುದುಕ ಸ್ಟೀಲ್ ತಂತಿ ಮೀಟುತ್ತಾನೆ ಅನ್ನುವುದನ್ನು ನೆನೆಸಿಕೊಳ್ಳಿ. ನಾನು ಯಾವತ್ತೂ ಹಾಗೆ ಮಾಡುವುದಿಲ್ಲ.

ಆಗ ಟ್ರಾನ್ಸ್‌ಫಾರ್ಮರನ್ನೇ ಕಿತ್ತು ಹಾಕಿದೆ. ಟಿಎಲ್072 ಕುಡಿಯುವುದು 3 ಮಿಲಿ ಆಂಪಿಯರಿನ ಆಸುಪಾಸು. ಎರಡು 9 ವೋಲ್ಟ್ ಬ್ಯಾಟರಿ ನೂರು ಗಂಟೆಗೂ ಮೀರಿ ನಡೆಸುತ್ತವೆ, ಅಂದರೆ ಎಷ್ಟೋ ಏಕಾದಶಿ. ಕರೆಂಟಿಗೆ ಸಂಬಂಧವೇ ಇಲ್ಲದ ಮೇಲೆ ಉಂಗುರ ಎಲ್ಲಿಂದ? ಆರು ತಿಂಗಳ ಹಿಂದೆಯೇ ಇದನ್ನು ಮಾಡಬಹುದಿತ್ತು ಅನ್ನಬೇಡಿ. ಅಪ್ಪ ಅದನ್ನು ಆಗಲೇ ಅಂದಿದ್ದಾರೆ.

ಕೊನೆಗೆ ಉಳಿದದ್ದು ತಾತ ತಂತಿ ಮುಟ್ಟಿದಾಗ ಕಡಿಮೆಯಾಗಿ, ಬಿಟ್ಟಾಗ ಏರುವ ಸಣ್ಣ ಗುಂಯ್. ಬಿಲ್ಲೆಯ ಬಿಳಿ ಮುಖ ಬಯಲಿಗೆ ತೆರೆದಿತ್ತು, ಅದೇ ಆಂಟೆನಾ. ಹಿತ್ತಾಳೆಯ ಬೆನ್ನನ್ನು ಬುರುಡೆಗೆ ಅಂಟಿಸಿ, ಬಿಳಿ ಮುಖಕ್ಕೆ ಟೇಪ್ ಸುತ್ತಿ, ಅದರ ಮೇಲೆ ತಾಮ್ರದ ಹಾಳೆ ಮುಚ್ಚಿ ಗ್ರೌಂಡಿಗೆ ಬೆಸೆದೆ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಗೆ ಸೋಲ್ಡರ್ ಹಿಡಿಯುವುದಿಲ್ಲ, ಹೆಣಗಬೇಡಿ. ಏಕತಾರಿಯ ತಂತಿಗೂ ಬುಡದಲ್ಲಿ ಒಂದು ಎಳೆ ವೈರ್ ಕಟ್ಟಿ ಗ್ರೌಂಡಿಗೆ ಕೊಟ್ಟೆ. ಪೇಡೆ ಡಬ್ಬಿಯೂ ಅದಕ್ಕೇ: ತಗಡು, ಸೋಲ್ಡರ್ ಹಿಡಿಯುತ್ತದೆ, ಪ್ಲಾಸ್ಟಿಕ್ ಡಬ್ಬಿಗಿಂತ ಸಾವಿರ ಪಾಲು ವಾಸಿ.

(ಕರೆಂಟ್ ಬಂತು. ಪ್ರಶ್ನೆಗಳಲ್ಲಿ ಮೂರನ್ನು ಬರೆಯುತ್ತೇನೆ.)

ರೆಡಿ ಬೋರ್ಡ್ ಅಗ್ಗಕ್ಕೆ ಸಿಗುತ್ತದಲ್ಲ ಅಂದರು ಹಿಂದಿನ ಸಾಲಿನವರು. ಸಿಗುತ್ತದೆ, ತನ್ನಿ, ನಾಚಿಕೆ ಬೇಡ. ಬಹಳಷ್ಟರ ಒಳಬಾಗಿಲು 10 ಇಲ್ಲ 47 ಕಿಲೊ ಓಮ್ ಇರುತ್ತದೆ, ಬಿಲ್ಲೆಗೆ ಆಗದು. ತಂದ ಮೇಲೆ ಆ ಒಂದು ರೆಸಿಸ್ಟರ್ ಹುಡುಕಿ ಬದಲಿಸಿ. ಬದಲಿಸುವ ಮೊದಲು ಐಸಿ ಯಾವುದು ನೋಡಿ.

ಹಾಡುವವರ ಮೈಕಿಗೆ ಇದನ್ನೇ ಹಾಕಬಹುದೇ ಅಂದಳು ಒಬ್ಬ ವಿದ್ಯಾರ್ಥಿನಿ. ಹಾಗೇ ಹಾಕಿದರೆ ಸಾಲದು. ಡೈನಮಿಕ್ ಮೈಕ್ ಕೊಡುವುದು ಒಂದೆರಡು ಮಿಲಿವೋಲ್ಟ್. ನೂರು ಪಟ್ಟು ಬೇಕು: 22 ಕಿಲೊ ಓಮ್, 220 ಓಮ್, ಕೆಳಗೆ 100 ಮೈಕ್ರೊಫ್ಯಾರಡ್. ಒಳಗಿನ 1 ಮೆಗಾ ಓಮ್ ಬದಲು ಒಂದೆರಡು ಕಿಲೊ ಓಮ್. ಐಸಿ 5532. ಹಳೆಯ 741 ಹಾಕಿದರೆ ನೂರು ಪಟ್ಟಿಗೆ ಅದರ ದಮ್ಮು 10 ಕಿಲೊಹರ್ಟ್ಸಿಗೇ ಮುಗಿಯುತ್ತದೆ, ತಾಳದ ಝಣ್ ಸತ್ತುಹೋಗುತ್ತದೆ.

ಮೈಕ್ ಸೆಟ್ಟಿನ ಕಾಕಾ ಒಬ್ಬರು, ಮೊಬೈಲ್ ಹತ್ತಿರ ತಂದರೆ ಬುರ್ ಬುರ್ ಅನ್ನುತ್ತದಲ್ಲವ್ವಾ ಅಂದರು. ಹಳೆಯ 2ಜಿ ಫೋನು ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಕಳಿಸುತ್ತದೆ, ಅದೇ ಬುರ್. ಐಸಿಯ ಪ್ಲಸ್ ಕಾಲಿಗೆ ಅಂಟಿಕೊಂಡಂತೆ ಗ್ರೌಂಡಿಗೆ 100 ಪಿಕೊಫ್ಯಾರಡ್ ಹಾಕಿ, ಮುಂದಿರುವ 1 ಕಿಲೊ ಓಮ್ ಜೊತೆ ಸೇರಿ ಅದನ್ನು ತಡೆಯುತ್ತದೆ. ಮತ್ತೆ ಫೋನನ್ನು ಆಂಪ್ಲಿಫೈಯರಿನ ಮೇಲೆ ಇಡುವುದು ಬಿಡಿ, ಕಾಕಾ.

ಡಬ್ಬಿ ಹಿಂದಿನ ಸಾಲಿಗೆ ಹೋಗಲಿ. ಮುಚ್ಚಳ ತೆಗೆದು ನೋಡಬಹುದು. ಸ್ವಿಚ್ ಎರಡು ಬ್ಯಾಟರಿಯನ್ನೂ ಒಟ್ಟಿಗೇ ಕಡಿಯುವಂಥದ್ದು, ಗಮನಿಸಿ. ತಾತ ನಾಳೆ ಸಂಜೆ ಬಂದು ಒಯ್ಯುತ್ತಾರೆ, ಆಫ್ ಮಾಡಿಯೇ ಕೊಡಿ.